ಲಿಂಬಿರಸದ ನಾಲ್ಕು ಹನಿ

ನಮ್ಮ ಕಡೆ ಹೋರಿ ಕೊಳ್ಳಲು ಹೋದವರು ಮೈಕಟ್ಟು ನೋಡುವ ಮೊದಲೇ ‘ಇದರ ತಾಯಿ ಎಂಥಾದ್ದು?’ ಎಂದು ಕೇಳುತ್ತಾರೆ. ಮದುವೆ ಮಾತುಕತೆಯಲ್ಲೂ ಹುಡುಗ-ಹುಡುಗಿಗಿಂತ ಮುಂಚೆ ಮನೆತನದ ವಿಚಾರಣೆ ಆಗುತ್ತದೆ. ಅಕ್ಕಿಆಲೂರು, ಹಾನಗಲ್ಲ, ಹಿರೇಕೆರೂರು ಸೀಮೆಯಲ್ಲಿ ಬೆಳೆದವರಿಗೆ ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಿಟ್ಟಿನವರನ್ನು ಕಂಡರೆ ನಮ್ಮವ್ವ ‘ಅವನದು ಪಿತ್ತದ ಮೈ’ ಎನ್ನುತ್ತಿದ್ದಳು. ನಾನು ಆ ಮಾತು ಕೇಳುತ್ತಲೇ ದೊಡ್ಡವನಾದೆ. ಮುಂದೆ ಧಾರವಾಡದಲ್ಲಿ ಮನಃಶಾಸ್ತ್ರ ಓದುವಾಗ, ಆಮೇಲೆ ಅದನ್ನೇ ಪಾಠ ಮಾಡುವಾಗ ಅವ್ವನ ಮಾತಿಗೆ ದೊಡ್ಡ ದೊಡ್ಡ ಪುಸ್ತಕಗಳ ಬೆಂಬಲ ಸಿಕ್ಕಿತೆಂದು ತಿಳಿದೆ. ಆ ತಿಳಿವಳಿಕೆಯನ್ನು ಹಿಡಿದುಕೊಂಡು ನನ್ನ ತಮ್ಮನ ಇಬ್ಬರು ಮಕ್ಕಳ ವಿಷಯದಲ್ಲಿ ನಾನು ನಡೆದುಕೊಂಡ ರೀತಿಯನ್ನು ಇಲ್ಲಿ ಹೇಳಬೇಕಾಗಿದೆ. ಮಕ್ಕಳಿಗೆ ಪಾಠ ಹೇಳುವವರು, ಮನೆಯಲ್ಲಿ ಮಕ್ಕಳಿರುವವರು ಇದನ್ನು ಓದಲಿ ಎಂಬುದು ನನ್ನ ಆಸೆ.

ಸ್ವಭಾವದ ಬೇರು ಮೈಯಲ್ಲೇ ಇದೆ ಎಂಬ ಯೋಚನೆ ಬಹಳ ಹಳೆಯದು. ಚರಕಸಂಹಿತೆ ವಾತ, ಪಿತ್ತ, ಕಫಗಳಿಂದ ಮನುಷ್ಯನ ಪ್ರಕೃತಿಯನ್ನು ಗುರುತಿಸಿತು. ಗ್ರೀಕ್ ವೈದ್ಯರು ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂದು ನಾಲ್ಕು ರಸಗಳನ್ನು ಎಣಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಈ ವಿಚಾರ ರಸಗಳನ್ನು ಬಿಟ್ಟು ನರಮಂಡಲಕ್ಕೆ ಬಂತು. ರಷ್ಯಾದ ಪಾವ್ಲೊವ್ ತನ್ನ ಪ್ರಯೋಗಶಾಲೆಯ ನಾಯಿಗಳೆಲ್ಲ ಒಂದೇ ಥರ ಕಲಿಯುವುದಿಲ್ಲ ಎಂಬುದನ್ನು ಕಂಡಿದ್ದ. 1924ರಲ್ಲಿ ಲೆನಿನ್‌ಗ್ರಾಡ್‌ಗೆ ಪ್ರವಾಹ ಬಂದು ನೀರು ನಾಯಿಗೂಡುಗಳಿಗೆ ನುಗ್ಗಿದಾಗ, ಬದುಕಿ ಉಳಿದ ನಾಯಿಗಳಲ್ಲಿ ಕೆಲವು ಕಲಿತದ್ದನ್ನೆಲ್ಲ ಕಳೆದುಕೊಂಡವು, ಕೆಲವು ಏನೂ ಆಗದ ಹಾಗೆ ಇದ್ದವು. ನರಗಳ ಗಟ್ಟಿತನ ಒಂದೊಂದರಲ್ಲಿ ಒಂದೊಂದು ಬಗೆ ಎಂದು ಅವನು ಹೇಳಿದ. ಈ ಜಾಡನ್ನೇ ಹಿಡಿದು ಲಂಡನ್ನಿನ ಹ್ಯಾನ್ಸ್ ಐಸೆಂಕ್ 1967ರಲ್ಲಿ ವ್ಯಕ್ತಿತ್ವದ ಜೈವಿಕ ತಳಹದಿಯ ಬಗ್ಗೆ ಒಂದು ಪುಸ್ತಕ ಬರೆದ. ಮೆದುಳುಕಾಂಡದಲ್ಲಿರುವ ಒಂದು ನರಜಾಲ ಮೆದುಳಿನ ಹೊರಪದರವನ್ನು ಎಚ್ಚರದಲ್ಲಿಡುತ್ತದೆ. ಅಂತರ್ಮುಖಿಗಳಲ್ಲಿ ಆ ಎಚ್ಚರ ಮೊದಲೇ ಹೆಚ್ಚಿರುತ್ತದೆ, ಆದ್ದರಿಂದ ಗದ್ದಲ ಬೇಗ ಸಾಕಾಗುತ್ತದೆ. ಬಹಿರ್ಮುಖಿಗಳಲ್ಲಿ ಅದು ಕಡಿಮೆ, ಆದ್ದರಿಂದ ಅವರು ಜನ, ಸದ್ದು, ಹೊಸತು ಎಲ್ಲವನ್ನೂ ಹುಡುಕಿಕೊಂಡು ಹೋಗುತ್ತಾರೆ. ಇದು ಐಸೆಂಕನ ವಾದದ ತಿರುಳು.

ಈ ವಾದ ನನ್ನನ್ನು ಸೆಳೆದುಕೊಂಡಿತು. ಅದನ್ನು ಮನೆಯಲ್ಲೇ ಪರೀಕ್ಷಿಸುವ ಒಂದು ದಾರಿಯೂ ಇತ್ತು. 1964ರಲ್ಲಿ ಕಾರ್ಕೊರನ್ ಎಂಬ ಸಂಶೋಧಕ ಪ್ರಕಟಿಸಿದ ಪ್ರಯೋಗ ಅದು. ಎರಡೂ ತುದಿಗೆ ಹತ್ತಿ ಸುತ್ತಿದ ಒಂದು ಕಡ್ಡಿ ತೆಗೆದುಕೊಂಡು ಸರಿಯಾಗಿ ನಡುವೆ ದಾರ ಕಟ್ಟಬೇಕು. ಒಂದು ತುದಿಯನ್ನು ನಾಲಿಗೆಯ ಮೇಲೆ ಇಪ್ಪತ್ತು ಸೆಕೆಂಡ್ ಇಟ್ಟು ತೆಗೆಯಬೇಕು. ಆಮೇಲೆ ನಾಲಿಗೆಗೆ ನಾಲ್ಕು ಹನಿ ಲಿಂಬಿರಸ ಬಿಟ್ಟು, ನುಂಗಿದ ಮೇಲೆ ಇನ್ನೊಂದು ತುದಿಯನ್ನು ಅಷ್ಟೇ ಹೊತ್ತು ಇಡಬೇಕು. ದಾರ ಹಿಡಿದು ಎತ್ತಿದರೆ ಕಡ್ಡಿ ತಕ್ಕಡಿಯ ಹಾಗೆ ತೂಗುತ್ತದೆ. ಲಿಂಬಿಯ ಕಡೆಯ ತುದಿ ಕೆಳಗೆ ಬಾಗಿದರೆ ಬಾಯಲ್ಲಿ ಹೆಚ್ಚು ನೀರೂರಿದೆ ಎಂದರ್ಥ. ಹಾಗೆ ನೀರೂರುವವರು ಸಾಮಾನ್ಯವಾಗಿ ಅಂತರ್ಮುಖಿಗಳು, ಯಾಕೆಂದರೆ ಅವರ ನರಗಳು ಸಣ್ಣ ಪ್ರಚೋದನೆಗೂ ಜೋರಾಗಿ ಸ್ಪಂದಿಸುತ್ತವೆ.

ಒಂದು ದೀಪಾವಳಿ ರಜೆಯಲ್ಲಿ ಅಕ್ಕಿಆಲೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ತಮ್ಮನ ಮಕ್ಕಳಿಬ್ಬರ ಮೇಲೂ ಈ ಪ್ರಯೋಗ ಮಾಡಿದೆ. ದೊಡ್ಡವಳು ಆಗ ಹತ್ತನೇತ್ತೆ ಓದುತ್ತಿದ್ದಳು. ಓಣಿಯವರನ್ನೆಲ್ಲ ಮಾತಾಡಿಸುವವಳು, ಶಾಲೆಯ ಕಾರ್ಯಕ್ರಮವೆಂದರೆ ಮುಂದೆ ನಿಲ್ಲುವವಳು. ಅವಳ ಕಡ್ಡಿ ಸಮವಾಗಿ ನಿಂತಿತು. ಸಣ್ಣವನು ಎಂಟನೇತ್ತೆ. ಮನೆಗೆ ಬೀಗರು ಬಂದರೆ ಹಿತ್ತಲ ಬಾಗಿಲಿಂದ ಹೊರಗೆ ಹೋಗುವ ಹುಡುಗ. ಅವನ ಕಡ್ಡಿ ಲಿಂಬಿಯ ಕಡೆ ಬಾಗಿತು. ಇಬ್ಬರ ಬಗ್ಗೆಯೂ ನನಗೆ ಮೊದಲೇ ಗೊತ್ತಿದ್ದುದು ಕಣ್ಣಮುಂದೆ ರುಜುವಾತಾದ ಹಾಗೆ ಅನಿಸಿತು. ಹುಡುಗ ಬೆಳಗಿನಿಂದ ಏನು ತಿಂದಿದ್ದ, ಬಾಯಾರಿತ್ತೋ ಇಲ್ಲವೋ, ನನ್ನ ಮುಂದೆ ಬಾಯಿ ತೆರೆದು ಕೂತಾಗಲೇ ಅಂಜಿದ್ದನೋ ಏನೋ, ಇದ್ಯಾವುದನ್ನೂ ನಾನು ಕೇಳಲಿಲ್ಲ.

ತಮ್ಮ ಕಿರಾಣಿ ಅಂಗಡಿ ನಡೆಸುವವನು. ಓದಿದ ಅಣ್ಣನ ಮಾತಿಗೆ ಎದುರು ಹೇಳುವವನಲ್ಲ. ನಾನು ಅವನಿಗೆ ಹೇಳಿದೆ: “ಹುಡುಗಿ ಗಟ್ಟಿಗಿತ್ತಿ ಅದಾಳ, ಪಿಯುಸಿಗೆ ಧಾರವಾಡದ ಹಾಸ್ಟೆಲಿಗೆ ಹಾಕು, ಏನೂ ಕಾಳಜಿ ಮಾಡಬ್ಯಾಡ. ಹುಡುಗನ್ನ ಮಾತ್ರ ಜನರ ಮುಂದ ನಿಂದರ್ಸಾಕ ಹೋಗಬ್ಯಾಡ್ರಿ. ಅವನ ಮೆದುಳಿನ ಕಟ್ಟೋಣಾನ ಹಂಗೈತಿ.” ಅರ್ಧ ಸ್ವಭಾವ ರಕ್ತದಲ್ಲೇ ಬರುತ್ತದೆ ಎಂದು ಅವಳಿಗಳ ಅಧ್ಯಯನ ಹೇಳುತ್ತದೆ ಅಂತಲೂ ಸೇರಿಸಿದೆ. ಅದೇ ವರ್ಷ ರಾಜ್ಯೋತ್ಸವದಲ್ಲಿ ಹುಡುಗನಿಂದ ಭಾಷಣ ಮಾಡಿಸಬೇಕೆಂದು ಅವನ ಶಾಲೆಯ ಕನ್ನಡ ಗುರುಗಳು ಕೇಳಿದ್ದರಂತೆ. ತಮ್ಮ ನನ್ನ ಮಾತನ್ನೇ ಮುಂದಿಟ್ಟು ಬೇಡ ಅಂದ.

ಇನ್ನೊಂದು ಸಂಗತಿಯನ್ನೂ ಮುಚ್ಚಿಡಬಾರದು. ಅಕ್ಕಿಆಲೂರು ರಕ್ತದಾನಕ್ಕೆ ಹೆಸರಾದ ಊರು. ಅಪಘಾತವಾದವರಿಗೆ, ಹೆರಿಗೆಗೆ ಹೋದವರಿಗೆ ರಕ್ತ ಬೇಕೆಂದರೆ ಇಲ್ಲಿನ ಹುಡುಗರು ಹೊತ್ತು ನೋಡದೆ ಹೊರಡುತ್ತಾರೆ. ಅಂಥ ಒಂದು ಶಿಬಿರದಲ್ಲಿ ಇಬ್ಬರು ಕಾಲೇಜು ಹುಡುಗರು ತಮ್ಮ ರಕ್ತದ ಗುಂಪಿನ ಮೇಲಿಂದ ಸ್ವಭಾವ ಹೇಳುವ ಪಟ್ಟಿಯೊಂದನ್ನು ಮೊಬೈಲಿನಲ್ಲಿ ನೋಡುತ್ತಿದ್ದರು. ನಾನು ಪಕ್ಕಕ್ಕೆ ಕೂತು ತಿಳಿಸಿ ಹೇಳಿದೆ. 1927ರಲ್ಲಿ ಫುರುಕಾವಾ ಎಂಬ ಜಪಾನಿ ಪ್ರಾಧ್ಯಾಪಕ ಎತ್ತಿದ ವಾದವಿದು, 1971ರಲ್ಲಿ ನೋಮಿ ಎಂಬ ಬರಹಗಾರ ಪುಸ್ತಕ ಬರೆದು ಮನೆಮನೆಗೆ ಮುಟ್ಟಿಸಿದ, ಪರೀಕ್ಷಿಸಿ ನೋಡಿದಾಗ ರಕ್ತದ ಗುಂಪಿಗೂ ಸ್ವಭಾವಕ್ಕೂ ನಂಟು ಕಾಣಲಿಲ್ಲ, ಆದರೂ ಜಪಾನಿನಲ್ಲಿ ಅದನ್ನು ಹಿಡಿದು ಕೆಲಸಕ್ಕೆ, ಮದುವೆಗೆ ಜನರನ್ನು ಅಳೆದದ್ದುಂಟು ಎಂದೆಲ್ಲ ವಿವರಿಸಿದೆ. ಹುಡುಗರು ಶ್ರದ್ಧೆಯಿಂದ ಕೇಳಿ, ರಕ್ತ ಕೊಟ್ಟು ಎದ್ದರು. ಒಂದು ಗುರುತನ್ನು ನೋಡಿ ಇಡೀ ಮನುಷ್ಯನನ್ನು ತೀರ್ಮಾನಿಸಬಾರದು ಎಂದು ಬೇರೆಯವರ ಮಕ್ಕಳಿಗೆ ಹೇಳುತ್ತಿದ್ದ ಕಾಲಕ್ಕೇ ನನ್ನ ಮನೆಯ ಮಕ್ಕಳನ್ನು ಹತ್ತಿಕಡ್ಡಿಯಿಂದ ತೀರ್ಮಾನಿಸಿದ್ದೆ. ಎರಡೂ ಒಂದೇ ಕೆಲಸ ಎಂಬುದು ಆಗ ಹೊಳೆಯಲಿಲ್ಲ. ನನ್ನದಕ್ಕೆ ಒಳ್ಳೆಯ ಪುಸ್ತಕಗಳ ಆಧಾರವಿತ್ತು. ಆ ಆಧಾರವೇ ನನ್ನ ಕಣ್ಣಿಗೆ ಅಡ್ಡ ನಿಂತಿತು.

ಹುಡುಗಿ ಧಾರವಾಡಕ್ಕೆ ಹೋದಳು. ಫೋನಿನಲ್ಲಿ ಎಂದಿನಂತೆ ನಗುನಗುತ್ತ ಮಾತಾಡುತ್ತಿದ್ದಳು. ದಸರೆಗೆ ಮನೆಗೆ ಬಂದಾಗ ಅರ್ಧ ಇಳಿದುಹೋಗಿದ್ದಳು. ರಾತ್ರಿ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಕ್ಲಾಸಿನಲ್ಲಿ ಕೂತರೆ ಎದೆ ಹೊಡೆದುಕೊಳ್ಳುತ್ತದೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಅವಳು ನನ್ನ ಕಡೆ ನೋಡಿ ಅಂದಳು: “ನಾ ಧೈರ್ಯದಕಿ ಅಂತ ಎಲ್ಲಾರೂ ಹೇಳ್ತಿದ್ರಿ ದೊಡ್ಡಪ್ಪ. ನನಗ ಅಂಜಿಕಿ ಬಂದೈತಿ ಅಂತ ಹ್ಯಾಂಗ ಹೇಳ್ಲಿ?” ಅವಳ ಅವ್ವ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ನನಗೆ ಇಬ್ಬರ ಮುಖವನ್ನೂ ನೋಡಲಾಗಲಿಲ್ಲ.

ಹುಡುಗನ ವಿಷಯ ಗೊತ್ತಾದದ್ದು ಅದೇ ರಜೆಯಲ್ಲಿ. ಅಂಗಡಿಗೆ ಸಾಮಾನು ತರಲು ಹಾನಗಲ್ಲಿಗೆ ಹೋಗಿ ಬಾ ಎಂದು ಅಪ್ಪ ಹೇಳಿದರೆ ಒಲ್ಲೆ ಅಂದ. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯೂ ಇಲ್ಲ. ಬೈದರೆ ಸಿಟ್ಟೂ ಮಾಡಲಿಲ್ಲ, ಅಳಲೂ ಇಲ್ಲ. ಲೆಕ್ಕ ಒಪ್ಪಿಸುವವರ ಹಾಗೆ ಸಾವಕಾಶ ಹೇಳಿದ: “ನಾ ಇರೂದ ಹಿಂಗ. ದೊಡ್ಡಪ್ಪನ ಹೇಳ್ಯಾನಲ್ಲ.” ಮೊದಲು ನಾಚುತ್ತಿದ್ದರೂ ಹೋಗಿಬರುತ್ತಿದ್ದ ಹುಡುಗ ಈಗ ಪ್ರಯತ್ನವನ್ನೇ ಬಿಟ್ಟಿದ್ದ. ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಎದ್ದು ನಿಲ್ಲುವುದನ್ನೂ ಬಿಟ್ಟಿದ್ದನಂತೆ. ಅಂಜಿಕೆ ಅವನಲ್ಲಿ ಮೊದಲೂ ಇತ್ತು. ಅದರ ಜೊತೆಗೆ ಈಗ ದೊಡ್ಡಪ್ಪನ ಅಪ್ಪಣೆಯೂ ಸೇರಿತ್ತು.

ಹುಡುಗನ ಆ ಮಾತು ಬಹಳ ದಿನ ನನ್ನನ್ನು ಕಾಡಿತು. ಪಾಠ ಮಾಡುವಾಗ ಐಸೆಂಕನ ಹೆಸರು ಬಂದರೆ ನಾಲಿಗೆ ತಡವರಿಸುತ್ತಿತ್ತು. ನನ್ನ ಪಾಠ ಕೇಳಿ ಎಷ್ಟು ಮಕ್ಕಳು ತಮ್ಮ ಬಗ್ಗೆ ಹೀಗೇ ಅಂದುಕೊಂಡು ಹೋಗಿರಬಹುದು ಎಂಬ ಲೆಕ್ಕ ಸಿಗದ ಚಿಂತೆ ಹತ್ತಿತು. ತಮ್ಮ ಒಂದು ಮಾತೂ ಆಡಲಿಲ್ಲ. ಅವನು ಆಡಿದ್ದರೆ ನನಗೆ ಹಗುರಾಗುತ್ತಿತ್ತು.

ಕಪಾಟಿನಿಂದ ಮತ್ತೆ ಪುಸ್ತಕಗಳನ್ನು ಇಳಿಸಿದೆ. ತಪ್ಪಿದ್ದು ಎಲ್ಲಿ ಎಂದು ಹುಡುಕಿದರೆ ಉತ್ತರ ಐಸೆಂಕನಲ್ಲೇ ಇತ್ತು. ಅವನು ಬಹಿರ್ಮುಖತೆ ಒಂದು ಅಳತೆ, ಮನಸ್ಸು ಬೇಗ ಕಲಕುವ ಗುಣ ಇನ್ನೊಂದು ಅಳತೆ ಎಂದು ಬೇರೆಬೇರೆಯಾಗಿಯೇ ಇಟ್ಟಿದ್ದ. ಮೊದಲನೆಯದನ್ನು ಮೆದುಳುಕಾಂಡದ ನರಜಾಲಕ್ಕೆ, ಎರಡನೆಯದನ್ನು ಭಾವನೆಗಳಿಗೆ ಸಂಬಂಧಿಸಿದ ಮೆದುಳಿನ ಒಳಭಾಗಕ್ಕೆ ಜೋಡಿಸಿದ್ದ. ಹತ್ತು ಜನರ ಜೊತೆ ಮಾತಾಡುವ ಹುಡುಗಿ ಒಳಗೊಳಗೇ ಕಂಗಾಲಾಗುವವಳೂ ಆಗಿರಬಹುದು. ಮೂಲೆಯಲ್ಲಿ ಕೂರುವ ಹುಡುಗ ಒಳಗೆ ಶಾಂತನೂ ಇರಬಹುದು. ನಾನು ವಾಚಾಳಿತನವನ್ನು ಧೈರ್ಯವೆಂದೂ ಮೌನವನ್ನು ಅಂಜಿಕೆಯೆಂದೂ ಓದಿಕೊಂಡಿದ್ದೆ. ಲಿಂಬಿರಸದ ಪ್ರಯೋಗವೂ ಅಷ್ಟೆ. ನೂರು ಜನರನ್ನು ಒಟ್ಟಿಗೆ ನೋಡಿದರೆ ಕಾಣುವ ಒಂದು ಒಲವನ್ನು ಅದು ತೋರಿಸುತ್ತದೆ, ಪಡಸಾಲೆಯಲ್ಲಿ ಕೂತ ಒಬ್ಬ ಹುಡುಗನ ಭವಿಷ್ಯ ಹೇಳಲು ಅದಕ್ಕೆ ಶಕ್ತಿಯಿಲ್ಲ.

‘ಅರ್ಧ ರಕ್ತದಲ್ಲೇ ಬರುತ್ತದೆ’ ಎಂದೆನಲ್ಲ, ಅದು ಇನ್ನೂ ದೊಡ್ಡ ತಪ್ಪು. ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಬುಶಾರ್ಡ್ 1979ರಿಂದ ಬೇರೆಬೇರೆ ಮನೆಗಳಲ್ಲಿ ಬೆಳೆದ ಅವಳಿಗಳನ್ನು ಅಭ್ಯಾಸ ಮಾಡಿದ. ಇಂಥ ಅಧ್ಯಯನಗಳ ಪ್ರಕಾರ ಸ್ವಭಾವದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ಸುಮಾರು ಶೇ 40ರಿಂದ 50ರಷ್ಟು ವಂಶವಾಹಿಗಳ ವ್ಯತ್ಯಾಸಕ್ಕೆ ಸೇರಿದ್ದು. ಅಂದರೆ ಒಬ್ಬನ ಗುಣದ ಅರ್ಧ ಭಾಗ ಹುಟ್ಟಿನಿಂದ, ಉಳಿದರ್ಧ ಬೆಳೆದ ರೀತಿಯಿಂದ ಎಂದು ಪಾಲು ಮಾಡಿದಂತಲ್ಲ. ಒಂದೇ ಗದ್ದೆಗೆ ಸಮನಾಗಿ ನೀರು ಗೊಬ್ಬರ ಕೊಟ್ಟರೆ ಭತ್ತದ ಪೈರುಗಳ ನಡುವಿನ ಹೆಚ್ಚುಕಡಿಮೆ ಬಹುಪಾಲು ಬೀಜದ್ದೇ ಆಗಿರುತ್ತದೆ. ಅದೇ ಬೀಜವನ್ನು ನೀರು ಹತ್ತದ ಹೊಲಕ್ಕೆ ಹಾಕಿದರೆ ಇಡೀ ಹೊಲವೇ ಸೊರಗುತ್ತದೆ, ಅದಕ್ಕೆ ಬೀಜವನ್ನು ದೂರುವಂತಿಲ್ಲ. ಜನರ ನಡುವಿನ ವ್ಯತ್ಯಾಸದ ಲೆಕ್ಕವನ್ನು ಒಬ್ಬ ಮಗುವಿನೊಳಗಿನ ಲೆಕ್ಕವೆಂದು ನಾನು ತಮ್ಮನಿಗೆ ಒಪ್ಪಿಸಿದ್ದೆ.

ಐಸೆಂಕನ ನಂತರ ಬಂದವರೂ ಇದೇ ಹಾದಿಯಲ್ಲಿ ನಡೆದು ಪಾಠ ಕಲಿತಿದ್ದಾರೆ. ಜೆಫ್ರಿ ಗ್ರೇ ಎಂಬವನು ಶಿಕ್ಷೆಯ ಸುಳಿವಿಗೆ ತಡೆಯುವ ವ್ಯವಸ್ಥೆ, ಪ್ರತಿಫಲದ ಸುಳಿವಿಗೆ ಮುನ್ನಡೆಸುವ ವ್ಯವಸ್ಥೆ ಎಂದು ಮೆದುಳಿನಲ್ಲಿ ಎರಡನ್ನು ಗುರುತಿಸಿದ. ಅಮೆರಿಕದ ಮನೋವೈದ್ಯ ಕ್ಲೋನಿಂಜರ್ 1987ರಲ್ಲಿ ಹೊಸತನ್ನು ಅರಸುವ ಗುಣವನ್ನು ಡೋಪಮಿನ್‌ಗೂ, ಅಪಾಯ ತಪ್ಪಿಸುವ ಗುಣವನ್ನು ಸೆರೊಟೋನಿನ್‌ಗೂ ಹೊಂದಿಸಿದ. 1996ರಲ್ಲಿ ಡೋಪಮಿನ್‌ಗೆ ಸಂಬಂಧಿಸಿದ ಒಂದು ವಂಶವಾಹಿಯೇ ಹೊಸತನದ ಹಂಬಲಕ್ಕೆ ಕಾರಣವೆಂಬ ಸುದ್ದಿ ಬಂದಾಗ ದೊಡ್ಡ ಸಂಭ್ರಮವಾಯಿತು. ಮುಂದೆ ಹೆಚ್ಚು ಜನರ ಮೇಲೆ ನೋಡಿದಾಗ ಆ ನಂಟು ನಿಲ್ಲಲಿಲ್ಲ. ಲೆಕ್ಕವಿಲ್ಲದಷ್ಟು ವಂಶವಾಹಿಗಳು ಒಂದೊಂದೂ ಎಳ್ಳಷ್ಟು ಪಾಲು ಕೊಟ್ಟು ಸ್ವಭಾವ ರೂಪುಗೊಳ್ಳುತ್ತದೆ ಎಂದು ಈಗ ತಿಳಿದಿದೆ. ಮೈಯಲ್ಲಿ ಬೇರು ಇದೆ ಎಂಬುದು ಸುಳ್ಳಾಗಲಿಲ್ಲ. ಒಂದೇ ಬೇರು ಎಂಬುದು ಸುಳ್ಳಾಯಿತು.

ಪುಸ್ತಕ ಓದುತ್ತ ಕೂತಿದ್ದ ಆ ದಿನಗಳಲ್ಲೇ ಊರಿನಲ್ಲಿ ಹೋರಿ ಹಬ್ಬದ ತಯಾರಿ ನಡೆದಿತ್ತು. ದೀಪಾವಳಿಯಿಂದ ಮುಂದೆ ನಮ್ಮ ಜಿಲ್ಲೆಯ ಊರೂರಲ್ಲಿ ಹೋರಿ ಬೆದರಿಸುವ ಸ್ಪರ್ಧೆ. ಕೊರಳಿಗೆ ಕೊಬ್ಬರಿ ಸರ, ಕೋಡಿಗೆ ಬಲೂನು ಕಟ್ಟಿದ ಹೋರಿ ಸಾವಿರಾರು ಜನರ ನಡುವೆ ಅಖಾಡದಲ್ಲಿ ಓಡಬೇಕು. ನಮ್ಮ ಓಣಿಯ ಅಜ್ಜನೊಬ್ಬ ಹೋರಿ ಕಟ್ಟುವುದರಲ್ಲಿ ಪಳಗಿದವನು. ಸಂಜೆ ಅವನು ಒಂದು ಎಳೆಯ ಹೋರಿಯನ್ನು ಹಗ್ಗ ಹಿಡಿದು ನಡೆಸಿಕೊಂಡು ಬರುತ್ತಿದ್ದ. ದೂರದಲ್ಲಿ ಹಲಗೆ ಬಾರಿಸುತ್ತಿದ್ದರು. ಸದ್ದಿಗೆ ಹೋರಿ ಕಿವಿ ನಿಮಿರಿಸಿ ನಿಂತುಬಿಡುತ್ತಿತ್ತು, ತೊಡೆಯ ಮೇಲಿನ ಚರ್ಮ ಅದುರುತ್ತಿತ್ತು. ಅಜ್ಜ ಎಳೆಯುತ್ತಿರಲಿಲ್ಲ. ತಾನೂ ನಿಂತು, ಗಂಗೆದೊಗಲು ಸವರಿ, ಅದು ತಲೆ ಕೆಳಗೆ ಮಾಡಿದ ಮೇಲೆ ನಾಲ್ಕು ಹೆಜ್ಜೆ ಮುಂದಿಡುತ್ತಿದ್ದ. ಇದು ಹುಟ್ಟಾ ಅಂಜುಬುರುಕ ಇದ್ದಹಾಗಿದೆಯಲ್ಲ ಎಂದೆ. ಹೌದೆಂದು ಒಪ್ಪಿದ. ಇದರ ತಾಯಿಯೂ ಹೀಗೇ ಇತ್ತು ಅಂದ. ಹಾಗಾದರೆ ಯಾಕೆ ಇಷ್ಟು ಶ್ರಮ ಎಂದು ಕೇಳಿದೆ. “ಗುಣ ನೋಡೂದು ಹ್ಯಾಂಗ ಕಲಸಬೇಕು ಅಂತ ತಿಳಕೊಳ್ಳಾಕರಿ ಮಾಸ್ತರ. ಕೈ ಬಿಡಾಕಲ್ಲ” ಎಂದು ಹೇಳಿ ಮುಂದೆ ನಡೆದ.

ಇದೇ ಮಾತನ್ನು ನ್ಯೂಯಾರ್ಕಿನ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ವೈದ್ಯ ದಂಪತಿ ದಶಕಗಳ ಕೆಲಸದಿಂದ ಕಂಡುಕೊಂಡಿದ್ದರು. 1956ರಿಂದ ನೂರಕ್ಕೂ ಹೆಚ್ಚು ಮಕ್ಕಳನ್ನು ಕೂಸಿದ್ದಾಗಿನಿಂದ ಗಮನಿಸುತ್ತ ಬಂದವರು ಅವರು. ಶೇ 40ರಷ್ಟು ಮಕ್ಕಳು ಸರಳ ಸ್ವಭಾವದವರು, ಶೇ 10ರಷ್ಟು ಹಟಮಾರಿಗಳು, ಶೇ 15ರಷ್ಟು ನಿಧಾನಕ್ಕೆ ಹೊಂದಿಕೊಳ್ಳುವವರು. ಉಳಿದ ಶೇ 35ರಷ್ಟು ಮಕ್ಕಳು ಯಾವ ಗುಂಪಿಗೂ ಸೇರಲಿಲ್ಲ. ಈ ಅಂಕಿಯನ್ನು ನಾನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದಿದ್ದೆ, ಕೊನೆಯ ಸಾಲಿನ ಮುಂದೆ ಒಂದು ದಿನವೂ ನಿಂತಿರಲಿಲ್ಲ. ಯಾವ ಸ್ವಭಾವವೂ ತನ್ನಷ್ಟಕ್ಕೆ ಒಳ್ಳೆಯದಲ್ಲ, ಕೆಟ್ಟದ್ದಲ್ಲ. ಮಗುವಿನ ಸ್ವಭಾವಕ್ಕೂ ಸುತ್ತಲಿನವರ ನಿರೀಕ್ಷೆಗೂ ಹೊಂದಿಕೆ ಇದೆಯೋ ಇಲ್ಲವೋ ಎಂಬುದರ ಮೇಲೆ ಮುಂದಿನದು ನಿಂತಿದೆ ಎಂದು ಅವರು ತೋರಿಸಿದರು. ಹಾರ್ವರ್ಡಿನ ಜೆರೋಮ್ ಕೇಗನ್ ನಾಲ್ಕು ತಿಂಗಳ ಕೂಸುಗಳಿಗೆ ಬಣ್ಣದ ತೂಗುಗೊಂಬೆ ತೋರಿಸಿ, ಅಪರಿಚಿತ ಧ್ವನಿ ಕೇಳಿಸಿ ನೋಡಿದಾಗ ಸುಮಾರು ಐದರಲ್ಲಿ ಒಂದು ಕೂಸು ಕೈಕಾಲು ಬಡಿದು ಅತ್ತಿತು. ಅಂಥ ಕೂಸುಗಳೆಲ್ಲ ಅಂಜುಬುರುಕರಾಗಿ ಬೆಳೆಯಲಿಲ್ಲ. ಹಾಗೆಂದು ಅವರಲ್ಲಿ ತೀರ ಮುನ್ನುಗ್ಗುವವರಾಗಿ ಬೆಳೆದವರೂ ಅಪರೂಪ. ಹುಟ್ಟು ದಾರಿಯ ಅಂಚುಗಳನ್ನು ಗುರುತು ಮಾಡುತ್ತದೆ, ನಡುವೆ ನಡೆಯಲು ಸಾಕಷ್ಟು ಅಗಲವೂ ಇರುತ್ತದೆ.

ಹುಡುಗಿ ಆ ವರ್ಷ ಧಾರವಾಡ ಬಿಟ್ಟು ಬಂದು ಹಾನಗಲ್ಲಿನಲ್ಲಿ ಪಿಯುಸಿ ಮುಗಿಸಿದಳು. ಈಗ ಎದೆ ಹೊಡೆದುಕೊಂಡರೆ ಅವಳ ಅವ್ವನಿಗೆ ಹೇಳುತ್ತಾಳೆ, ನನಗೂ ಹೇಳುತ್ತಾಳೆ. ಹುಡುಗನ ಹತ್ತಿರ ನಾನು ಕೂತು, ಅವತ್ತು ಹೇಳಿದ್ದು ತಪ್ಪು, ಒಂದು ಕಡ್ಡಿಗೆ ಅಷ್ಟೆಲ್ಲ ಗೊತ್ತಾಗುವುದಿಲ್ಲ ಎಂದೆ. ಅವನು ಒಮ್ಮೆಲೇ ನಂಬಲಿಲ್ಲ. ದೊಡ್ಡವರು ಹೇಳಿದ್ದನ್ನು ಒಳಗಿಟ್ಟುಕೊಳ್ಳಲು ಮಕ್ಕಳಿಗೆ ಒಂದು ದಿನ ಸಾಕು, ಹೊರಗೆ ಹಾಕಲು ವರ್ಷಗಳು ಹಿಡಿಯುತ್ತವೆ. ಮೊದಲು ಇಬ್ಬರೂ ಕೂಡಿ ಹಾನಗಲ್ಲಿಗೆ ಹೋಗಿಬಂದೆವು. ಆಮೇಲೆ ಅವನು ಗೆಳೆಯನ ಜೊತೆ ಹೋದ, ಮುಂದೆ ಒಬ್ಬನೇ. ಈಗಲೂ ಮಾತು ಕಡಿಮೆ, ಬೀಗರು ಬಂದರೆ ಹಿತ್ತಲ ಬಾಗಿಲು ಬೇಕೇ ಬೇಕು. ವೇದಿಕೆ ಹತ್ತಿ ಭಾಷಣ ಮಾಡುವವನು ಅವನು ಆಗಲಿಲ್ಲ, ಆಗಬೇಕೆಂಬ ಹಟ ನಮಗೂ ಇಲ್ಲ. ಅಂಗಡಿಯ ಲೆಕ್ಕ ಅವನ ಕೈಯಲ್ಲಿದೆ, ಉದ್ರಿ ಕೇಳಲು ಹಳ್ಳಿಗಳಿಗೆ ಅವನೇ ಹೋಗುತ್ತಾನೆ. ಮೆಲ್ಲಗೆ ಕೇಳುತ್ತಾನೆ, ಜನ ಕೊಡುತ್ತಾರೆ.

ಹುಟ್ಟುಗುಣ ಇದೆ ಎಂದು ನಾನು ಇವತ್ತೂ ನಂಬುತ್ತೇನೆ. ನರಗಳಲ್ಲಿ, ರಾಸಾಯನಿಕಗಳಲ್ಲಿ, ವಂಶವಾಹಿಗಳಲ್ಲಿ ಅದರ ಗುರುತುಗಳಿವೆ, ಅವನ್ನು ಹುಡುಕುವ ವಿಜ್ಞಾನದ ಮೇಲೆ ನನಗೆ ಗೌರವವಿದೆ. ಎಲ್ಲ ಮಕ್ಕಳೂ ಒಂದೇ ಎಂದುಕೊಂಡು ಎಲ್ಲರನ್ನೂ ಒಂದೇ ಕೋಲಿನಿಂದ ಹೊಡೆಯುವ ಮಾಸ್ತರಿಕೆಗಿಂತ ಆ ತಿಳಿವಳಿಕೆ ಎಷ್ಟೋ ಮೇಲು. ಆದರೆ ಮಗುವಿನ ಗುಣ ಗೊತ್ತಾಯಿತು ಎಂದಕೂಡಲೇ ದೊಡ್ಡವರ ಕೆಲಸ ಮುಗಿಯಿತೆಂದು ನಾನು ತಿಳಿದಿದ್ದೆ. ಕೆಲಸ ಶುರುವಾಗುವುದೇ ಅಲ್ಲಿಂದ. ಬೇಗ ಬೆದರುವ ಮಗುವಿಗೆ ಹೆಚ್ಚು ಹೊತ್ತು ಕೊಡಬೇಕು, ಗದ್ದಲ ಬೇಡುವ ಮಗುವಿನ ಒಳಗಿನ ಅಂಜಿಕೆಯನ್ನೂ ಕೇಳಬೇಕು, ಯಾವ ಗುಂಪಿಗೂ ಸೇರದ ಮಗುವನ್ನು ಗುಂಪಿಲ್ಲದೆಯೇ ನೋಡಲು ಕಲಿಯಬೇಕು. ‘ಇವನು ಇರುವುದೇ ಹೀಗೆ’ ಎಂಬ ಮಾತನ್ನು ಮಗುವಿನ ಕಿವಿಗೆ ಬೀಳುವಂತೆ ಆಡಲೇಬಾರದು. ನನ್ನ ತರಗತಿಯಲ್ಲಿ ಈಗ ಯಾರಾದರೂ ಕೈ ಎತ್ತದಿದ್ದರೆ ಅವರ ಸ್ವಭಾವ ಏನೆಂದು ಯೋಚಿಸುವ ಮೊದಲು ನಾನು ಪ್ರಶ್ನೆ ಕೇಳಿದ ರೀತಿ ಹೇಗಿತ್ತು ಎಂದು ಯೋಚಿಸುತ್ತೇನೆ. ಹೆಚ್ಚಿನ ಸಲ ತಿದ್ದಿಕೊಳ್ಳಬೇಕಾದದ್ದು ಅಲ್ಲೇ ಸಿಗುತ್ತದೆ.